ಮೂರನೇ ಸೆಟ್ಟಿನ ಸುಸ್ತು

ಆ ಕಾಲಕ್ಕೆ ಇಡೀ ಸಿಂಧನೂರು ತಾಲ್ಲೂಕಿನಲ್ಲಿ ಟೆನಿಸ್ ಆಡಿ ಹೊಟ್ಟೆ ಹೊರೆಯುತ್ತಿದ್ದವನು ನಾನೊಬ್ಬನೇ. ಇದನ್ನು ಬಹಳ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಎರಡನೆಯವನು ಇಲ್ಲದ ಕಡೆ ಮೊದಲನೆಯವನಾಗುವುದು ಸುಲಭ ಎಂಬುದು ಆಮೇಲೆ ಹೊಳೆಯಿತು. ಕಾಲುವೆ ಕ್ಯಾಂಪಿನ ಆಫೀಸರುಗಳ ಕ್ಲಬ್ಬಿನಲ್ಲಿ ನಾನು ಮಾರ್ಕರ್. ಬೆಳಿಗ್ಗೆ ಅಂಕಣಕ್ಕೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಬೇಕು. ಸಂಜೆ ಸಾಹೇಬರ ಜೊತೆ ಆಡಬೇಕು. ಅವರಿಗೆ ಬೇಸರ ಬರದಷ್ಟು ಗೆಲ್ಲಬೇಕು, ಅನುಮಾನ ಬಾರದ ಹಾಗೆ ಸೋಲಬೇಕು. ಈ ಎರಡನೆಯದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ನಿಜವಾಗಿ ಆಡಬೇಕಾದದ್ದು ವರ್ಷಕ್ಕೊಂದೇ ಸಲ. ಭತ್ತದ ಕೊಯ್ಲು ಮುಗಿದು ಚಳಿ ಬಿದ್ದ ಮೇಲೆ ಲಿಂಗಸೂಗೂರಿನಲ್ಲಿ ಸುತ್ತಲಿನ ಕ್ಲಬ್ಬುಗಳ ಟೂರ್ನಮೆಂಟು ನಡೆಯುತ್ತಿತ್ತು. ಸಾಹೇಬರುಗಳು ತಮ್ಮತಮ್ಮಲ್ಲಿ ಆಡಿ, ಏದುಸಿರು ಬಿಟ್ಟು, ಬೋಂಡಾ ತಿಂದು ಮುಗಿಸಿದ ಮೇಲೆ ಮಾರ್ಕರ್‌ಗಳ ಪಂದ್ಯ. ಅದು ಮೂರು ಸೆಟ್ಟಿನ ಆಟ. ಅಲ್ಲಿ ಸಾಹೇಬರ ಮಾನ ಮರ್ಯಾದೆ ನಮ್ಮ ಕಾಲ ಮೇಲೆ ನಿಂತಿರುತ್ತಿತ್ತು, ಹುಂಜ ಕಾದಾಡಿದರೂ ಮೀಸೆ ತಿರುವುವವನು ಹುಂಜದ ಧಣಿಯೇ ಅಲ್ಲವೇ.

ನನ್ನ ಕಾಯಿಲೆಯ ಕಥೆ ಶುರುವಾಗುವುದು ಆ ಮೂರನೇ ಸೆಟ್ಟಿನಿಂದ. ಇಷ್ಟು ವರ್ಷ ಬಿಟ್ಟು ಈಗೇಕೆ ಬರೆಯುತ್ತಿದ್ದೇನೆಂದರೆ, ಯಾರಾದರೂ ‘ಯಾಕೋ ಬಹಳ ಸುಸ್ತು’ ಅಂದ ಕೂಡಲೇ ಎದುರಿಗಿದ್ದವರು ಉಪದೇಶಕ್ಕೆ ಕೂರುವುದನ್ನು ನಾನು ಇವತ್ತಿಗೂ ನೋಡುತ್ತೇನೆ. ಜ್ವರ ಬಂದವನಿಗೆ ಕಂಬಳಿ ಕೊಡುತ್ತಾರೆ. ಸುಸ್ತಾದವನಿಗೆ ಬುದ್ಧಿವಾದ ಕೊಡುತ್ತಾರೆ. ನಾನು ಎರಡು ವರ್ಷ ಬುದ್ಧಿವಾದ ಉಂಡೇ ಬದುಕಿದವನು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮೂವತ್ತರ ಆಸುಪಾಸು. ಎದುರಾಳಿ ಲಿಂಗಸೂಗೂರು ಕ್ಲಬ್ಬಿನ ಮಾರ್ಕರ್ ಖಾಜಾಸಾಬ, ನನಗಿಂತ ಹತ್ತು ವರ್ಷ ದೊಡ್ಡವನು. ಸಣ್ಣಗೆ ಹೊಟ್ಟೆ ಬಂದಿತ್ತು, ದವಡೆಯಲ್ಲಿ ಎಲೆ ಅಡಿಕೆ ಇರದೆ ಅವನು ಅಂಕಣಕ್ಕೆ ಇಳಿದದ್ದೇ ಇಲ್ಲ. ಅವನು ಓಡುತ್ತಿರಲಿಲ್ಲ, ಎದುರಿನವನನ್ನು ಓಡಿಸುತ್ತಿದ್ದ. ಮೊದಲ ಸೆಟ್ ನಾನು ಕುದುರೆಯ ಹಾಗೆ ಗೆಲ್ಲುತ್ತಿದ್ದೆ. ಎರಡನೆಯದು ಅವನಿಗೆ ಹೋಗುತ್ತಿತ್ತು. ಮೂರನೆಯದಕ್ಕೆ ಬಂದರೆ ಯಾರೋ ನನ್ನ ಎರಡೂ ಕಾಲಿಗೆ ಭತ್ತದ ಚೀಲ ಕಟ್ಟಿದಂತಾಗಿ, ಎದೆ ಡವಡವ ಅಂದು, ಕಿವಿಯಲ್ಲಿ ಕಾಲುವೆ ತೂಬಿನ ಸದ್ದು ಕೇಳಿಸುತ್ತಿತ್ತು. ಎರಡು ವರ್ಷ ಸಾಲಾಗಿ ಹಾಗೆಯೇ ಸೋತೆ.

ನಮ್ಮ ಎಕ್ಸಿಕ್ಯೂಟಿವ್ ಎಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಕ್ಲಬ್ಬಿಗೆ ಆಗತಾನೆ ಬಣ್ಣದ ಟಿ.ವಿ. ಬಂದಿತ್ತು. ವಿದೇಶದ ದೊಡ್ಡ ಟೂರ್ನಮೆಂಟುಗಳನ್ನು ಸಾಹೇಬರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಲ್ಲಿಯವರು ಐದು ಸೆಟ್ ಆಡುತ್ತಿದ್ದರು, ನಡುನಡುವೆ ಕುರ್ಚಿಯಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು, ಒಂದು ದಿನ ಬಿಟ್ಟು ಇನ್ನೊಬ್ಬನ ಜೊತೆ ಮತ್ತೆ ಐದು ಸೆಟ್. ಅದನ್ನು ನೋಡಿದಾಗಲೆಲ್ಲ ಸಾಹೇಬರು ನನ್ನ ಕಡೆ ತಿರುಗಿ, ಆ ಬಾಳೆಹಣ್ಣನ್ನು ನಾನೇ ಕದ್ದವನೇನೋ ಎಂಬಂತೆ ನೋಡುತ್ತಿದ್ದರು. ಎರಡನೇ ಸಲ ಸೋತು ಬಂದ ವಾರ ನನ್ನನ್ನು ವರಾಂಡಕ್ಕೆ ಕರೆದರು.

“ಆಟ ಇದೆ ಕಣಯ್ಯ ನಿನ್ನಲ್ಲಿ. ಸ್ಟ್ಯಾಮಿನಾ ಇಲ್ಲ. ಮುಂದಿನ ವರ್ಷವೂ ಮೂರನೇ ಸೆಟ್ಟಲ್ಲಿ ಕಾಲು ಚೆಲ್ಲಿದೆ ಅಂದ್ರೆ ಹೈದರಾಬಾದಿನಿಂದ ಬೇರೆ ಹುಡುಗನ್ನ ಕರೆಸ್ತೀನಿ. ಆಗ ಕ್ವಾರ್ಟರ್ಸೂ ಬಿಡಬೇಕಾಗುತ್ತೆ.”

ಮನೆಗೆ ಬಂದು ಹೇಳಿದೆ. ಮನೆಯಲ್ಲಿ ಅವ್ವ, ಹೆಂಡತಿ ಹುಲಿಗೆಮ್ಮ, ಆರು ವರ್ಷದ ಮಗಳು. ಸ್ಟ್ಯಾಮಿನಾ ಅನ್ನುವುದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅವ್ವ ಕೇಳಿದಳು. ಹುಲಿಗೆಮ್ಮ ಏನೂ ಕೇಳಲಿಲ್ಲ. ಅವಳು ಮೊದಲಿನಿಂದಲೂ ಹಾಗೆಯೇ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ನಾಟಿ, ಕಳೆ, ಕೊಯ್ಲು ಅಂತ ಗೊರೇಬಾಳದ ಗದ್ದೆಗಳಿಗೆ ಕೂಲಿಗೆ ಹೋಗಿ ಬಂದು, ಅಡಿಗೆ ಮಾಡಿ, ಗೋಡೆಗೆ ಆತು ಕೂರುತ್ತಿದ್ದಳು. ಸೊಸೆ ಅಂದರೆ ಹಿಂಗಿರಬೇಕು, ಬಾಯಿ ಸತ್ತ ಹಸು ಎಂದು ಓಣಿಯ ಅತ್ತೆಯಂದಿರೆಲ್ಲ ನಮ್ಮ ಅವ್ವನ ಅದೃಷ್ಟಕ್ಕೆ ಹೊಟ್ಟೆಕಿಚ್ಚು ಪಡುತ್ತಿದ್ದರು.

ಮರುದಿನದಿಂದ ನನ್ನ ಮೇಲೆ ವೈದ್ಯ ಶುರುವಾಯಿತು. ಕ್ಲಬ್ಬಿನ ಅಡಿಗೆಯವನು ದಿನಾ ಎರಡು ಹಸಿ ಮೊಟ್ಟೆ ಒಡೆದು ಬಾಯಿಗೆ ಸುರಿದ. ಊರಿನ ಒಬ್ಬ ಕಂಪೌಂಡರ್ ಕೆಂಪು ಟಾನಿಕ್ ಕೊಟ್ಟ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೋಮಿಯೋಪತಿ ದಾದಾ ಸಾಸಿವೆಯಂಥ ಬಿಳಿ ಗುಳಿಗೆ ಕೊಟ್ಟು, ಈರುಳ್ಳಿ ತಿನ್ನಬೇಡ ಅಂದರು. ಈರುಳ್ಳಿ ಇಲ್ಲದ ರೊಟ್ಟಿ ಊಟದಿಂದ ಇದ್ದ ಶಕ್ತಿಯೂ ಹೋಯಿತು. ಅವ್ವ ಇದು ಖಾಜಾಸಾಬನ ದೃಷ್ಟಿ ಎಂದು ತೀರ್ಮಾನಿಸಿ ಅಮಾವಾಸ್ಯೆಗೊಮ್ಮೆ ನಿಂಬೆಹಣ್ಣು ನಿವಾಳಿಸಿದಳು. ನಾನು ಯಾರ ಮಾತನ್ನೂ ತೆಗೆದುಹಾಕುವವನಲ್ಲ. ಮೊಟ್ಟೆ, ಟಾನಿಕ್, ಗುಳಿಗೆ, ನಿಂಬೆಹಣ್ಣು ಎಲ್ಲವನ್ನೂ ಒಟ್ಟಿಗೇ ನಡೆಸಿದೆ.

ಇದರ ಮೇಲೆ ನನ್ನದೇ ಒಂದು ಸ್ವಂತ ತಲೆ ಇತ್ತಲ್ಲ, ಅದನ್ನೂ ಓಡಿಸಿದೆ. ಸ್ಟ್ಯಾಮಿನಾ ಬರಬೇಕಾದರೆ ಓಡಬೇಕು. ಕ್ಲಬ್ಬಿನಿಂದ ಕೊಡುವುದು ವರ್ಷಕ್ಕೆ ಒಂದೇ ಜೊತೆ ಕ್ಯಾನ್ವಾಸ್ ಬೂಟು, ಅದನ್ನು ಸವೆಸುವಂತಿಲ್ಲ. ಆದ್ದರಿಂದ ಬರಿಗಾಲಲ್ಲಿ ಓಡಬೇಕು. ಗಟ್ಟಿ ರಸ್ತೆಗಿಂತ ಹಸಿ ನೆಲದಲ್ಲಿ ಓಡಿದರೆ ಮೀನಖಂಡ ಬಲಿಯುತ್ತದೆ. ಆದ್ದರಿಂದ ಕಾಲುವೆ ಕೆಳಗಿನ ಗದ್ದೆ ಬದುವೇ ಸರಿ. ನಸುಕಿನಲ್ಲೆದ್ದು ಚಡ್ಡಿ ಏರಿಸಿ, ಕ್ಯಾಂಪಿನಿಂದ ಗೊರೇಬಾಳದ ದಿಕ್ಕಿಗೆ ಕೆಸರು ತುಳಿಯುತ್ತಾ ಓಡತೊಡಗಿದೆ.

ಆ ಹೊತ್ತಿಗೆ ಆ ಬದು ಖಾಲಿ ಇರುತ್ತಿರಲಿಲ್ಲ. ಕ್ಯಾಂಪಿನವರೂ ಊರವರೂ ಚರಗಿ ಹಿಡಿದು ಬೆಳಗಿನ ಕೆಲಸಕ್ಕೆ ಬಂದು ಕೂರುತ್ತಿದ್ದ ಜಾಗ ಅದು. ಗಂಡಸು ಬಂದರೆ ಹೆಂಗಸರು ಎದ್ದು ನಿಲ್ಲುವುದು ನಮ್ಮ ಕಡೆಯ ರೂಢಿ. ನಾನು ಓಡಿದಷ್ಟು ದೂರವೂ ಅವರು ಸಾಲಾಗಿ ಎದ್ದು ನಿಲ್ಲುತ್ತಿದ್ದರು, ನಾನು ದಾಟಿದ ಮೇಲೆ ಕೂರುತ್ತಿದ್ದರು, ವಾಪಸು ಬರುವಾಗ ಮತ್ತೆ ಏಳುತ್ತಿದ್ದರು. ದೊಡ್ಡ ಆಟಗಾರರಿಗೂ ಈ ಮರ್ಯಾದೆ ಸಿಕ್ಕಿರಲಾರದು. ಒಂದು ವಾರದಲ್ಲಿ ನಾಲ್ಕು ಜನ ಹಿರಿಯರು ಬಂದು ಸಾಹೇಬರಿಗೆ ದೂರು ಕೊಟ್ಟರು. ಸಾಹೇಬರು ಇದು ಡಿಪಾರ್ಟ್‌ಮೆಂಟಿನ ಪ್ರತಿಷ್ಠೆಯ ಪ್ರಶ್ನೆ ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸಿದರು. ನಾನು ಆ ಹಿರಿಯರ ಮುಖ ನೋಡಿ ಓಡುವ ಹೊತ್ತನ್ನು ಅರ್ಧ ಗಂಟೆ ಹಿಂದೆ ಸರಿಸಿಕೊಂಡೆ, ಓಟ ಬಿಡಲಿಲ್ಲ.

ಬೆರಳ ಸಂದಿಗಳಲ್ಲಿ ತುರಿಕೆ ಎದ್ದಿತು. ಕೆಸರಿನ ಕಡಿತ, ಬೇವಿನೆಣ್ಣೆ ಹಚ್ಚಿದರಾಯಿತು ಅಂದುಕೊಂಡೆ. ಆದರೆ ಓಡಿದಷ್ಟೂ ಸುಸ್ತು ಹೆಚ್ಚಾಯಿತು. ಸುಸ್ತಾದಷ್ಟೂ ನಾನು ಹಟದಿಂದ ಇನ್ನಷ್ಟು ಓಡಿದೆ. ಮೂರನೇ ಸೆಟ್ಟಿನ ಸುಸ್ತು ಎರಡನೇ ಸೆಟ್ಟಿಗೆ ಬಂತು, ಆಮೇಲೆ ರೋಲರ್ ಎಳೆಯುವಾಗಲೇ ಬರತೊಡಗಿತು. ಕ್ಲಬ್ಬಿನ ಮೂರು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಯಾರಾದರೂ ನೋಡಿದರೆ ಬೂಟಿನ ದಾರ ಕಟ್ಟುವ ನಾಟಕ ಮಾಡುತ್ತಿದ್ದೆ.

ಇನ್ನೊಂದು ಸಂಗತಿಯನ್ನು ಆಗ ಯಾರಿಗೂ ಹೇಳಿರಲಿಲ್ಲ, ಈಗ ಬರೆದುಬಿಡುತ್ತೇನೆ. ಬೆಳಿಗ್ಗೆ ಅಂಕಣಕ್ಕೆ ನೀರು ಹೊಡೆದಾಗ ಕೆಮ್ಮಣ್ಣಿನ ವಾಸನೆ ಏಳುತ್ತಿತ್ತು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಒಂದು ದಿನ ಸುತ್ತ ನೋಡಿ ಹಿಂದಿನ ಗೆರೆಯ ಹತ್ತಿರದ ಒಂದು ಹೆಂಟೆ ಬಾಯಿಗೆ ಹಾಕಿಕೊಂಡೆ. ಸೊಗಸಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಅಲ್ಲೊಂದು ಕುಳಿ ಬಿತ್ತು. ಚೆಂಡು ಅಲ್ಲಿ ಬಿದ್ದು ಅಡ್ಡಡ್ಡ ಪುಟಿಯತೊಡಗಿತು. ಸಾಹೇಬರು ಹೆಗ್ಗಣದ ಕಾಟ ಎಂದು ಬೋನು ಇಡಲು ಹೇಳಿದರು. ಬೋನು ಇಡುವ ಕೆಲಸವೂ ಮಾರ್ಕರ್‌ನದೇ. ಇಟ್ಟೆ.

ಮೂರನೇ ವರ್ಷದ ಪಂದ್ಯ ಬಂತು. ಲಿಂಗಸೂಗೂರಿನ ಅಂಕಣದ ಸುತ್ತ ಕುರ್ಚಿ ಹಾಕಿ ಎಲ್ಲ ಕ್ಲಬ್ಬಿನ ಸಾಹೇಬರುಗಳೂ ಕೂತಿದ್ದರು. ಮೊದಲ ಸೆಟ್ ಹೇಗೋ ದಕ್ಕಿತು. ಎರಡನೆಯದು ಹೋಯಿತು. ಮೂರನೆಯದರಲ್ಲಿ ಎರಡೆರಡು ಸಮ ಇದ್ದಾಗ ಖಾಜಾಸಾಬ ಬಲೆಯ ಹತ್ತಿರ ಒಂದು ಮೆತ್ತನೆಯ ಚೆಂಡು ಬಿಟ್ಟ. ಅದರ ಹಿಂದೆ ಓಡಿದೆ. ಅರ್ಧ ದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂತು, ಬಲೆಯ ಕಂಬ ತಬ್ಬಿಕೊಂಡು ಹಾಗೇ ಕೆಳಗೆ ಕೂತೆ. ಕುರ್ಚಿಗಳ ಕಡೆಯಿಂದ ನಗು ಕೇಳಿತು. ನಮ್ಮ ಸಾಹೇಬರು ನಗಲಿಲ್ಲ. ಎದ್ದು ಜೀಪಿನ ಕಡೆ ನಡೆದರು. ನನ್ನ ಕೆಲಸ ಆ ಜೀಪಿನ ಧೂಳಿನಲ್ಲಿ ಹೋಯಿತೆಂದು ನನಗೆ ಅಲ್ಲೇ ಗೊತ್ತಾಯಿತು.

ಹತ್ತಿರ ಬಂದವನು ಖಾಜಾಸಾಬ ಒಬ್ಬನೇ. ಸೋಡಾ ಒಡೆಸಿ ತಂದು ಕುಡಿಸಿದ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

“ಅಮರೇಶಿ, ನಿನ್ನ ಮಾರಿ ಸುಣ್ಣದ ಗೆರಿಗಿಂತ ಬೆಳ್ಳಗ ಆಗೇದಲ್ಲೋ. ಮೂರು ವರ್ಷ ಆತು ನೋಡಾಕತ್ತೀನಿ, ವರ್ಷದಿಂದ ವರ್ಷಕ್ಕ ಬೆಳ್ಳಗ ಆಗಾಕತ್ತೀ. ಇದು ಸ್ಟ್ಯಾಮಿನಾ ಗಿಮಿನಾ ಅಲ್ಲ ಭಾಯಿ, ಬೀಮಾರಿ. ಸೀದಾ ದವಾಖಾನಿಗೆ ಹೋಗು.”

ನನ್ನ ಜೊತೆ ಮೂರೂ ಹೊತ್ತು ಇದ್ದವರಿಗೆ ಕಾಣದ್ದು ವರ್ಷಕ್ಕೊಮ್ಮೆ ನೋಡುವವನಿಗೆ ಕಂಡಿತ್ತು. ಆದರೂ ಸೋತ ಸಿಟ್ಟಿನಲ್ಲಿ ನಾನು ಸೀದಾ ಹೋದದ್ದು ಬಸ್‌ಸ್ಟ್ಯಾಂಡಿಗೆ. ಸಿಂಧನೂರಿನ ಬಸ್ಸಿನಲ್ಲಿ ಜಾಗವಿರಲಿಲ್ಲ, ಸರಳು ಹಿಡಿದು ನಿಂತೆ. ಮಸ್ಕಿ ಬರುವಷ್ಟರಲ್ಲಿ ಒಬ್ಬ ಹಿರಿಯರ ತೊಡೆಯ ಮೇಲೆ ಉರುಳಿಬಿದ್ದೆನಂತೆ. ಕಂಡಕ್ಟರ್ ಇನ್ನಿಬ್ಬರನ್ನು ಕರೆದು, ಬಸ್‌ಸ್ಟ್ಯಾಂಡಿಗೆ ಎಲ್ಲಕ್ಕಿಂತ ಹತ್ತಿರವಿದ್ದ ದವಾಖಾನೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ರ‍್ಯಾಕೆಟ್ ಮಡಿಲಲ್ಲಿಟ್ಟು ಹೋದ.

ಎಚ್ಚರ ಸರಿಯಾಗಿ ಬಂದಾಗ ಸುತ್ತ ನೋಡಿದೆ. ಅದು ಹೆರಿಗೆ ದವಾಖಾನೆ. ಎಡಕ್ಕೆ ಮೂವರು ಬಸುರಿಯರು, ಬಲಕ್ಕೆ ನಾಲ್ವರು, ಎದುರಿಗೆ ಅವರ ತಾಯಂದಿರು. ನಡುವೆ ಬಿಳಿ ಚಡ್ಡಿ ತೊಟ್ಟ ನಾನು. ಒಬ್ಬ ಅಜ್ಜಿ ನನ್ನ ಹೆಂಡತಿ ಒಳಗಿದ್ದಾಳಾ ಅಂತ ಕೇಳಿದಳು. ಇಲ್ಲ, ನಾನೇ ಪೇಷಂಟು ಅಂದೆ. ಇಡೀ ಬೆಂಚಿನ ಸೆರಗು ಬಾಯಿಗೆ ಹೋಯಿತು.

ಪಕ್ಕದಲ್ಲಿದ್ದ ಬಸುರಿ ಸೆರಗಿನ ಗಂಟು ಬಿಚ್ಚಿ ಏನನ್ನೋ ತೆಗೆದು ಕಟುಂ ಎಂದು ಕಡಿದಳು. ವಾಸನೆ ಬಂತು. ಹುರಿದ ಮಣ್ಣು. ನಾನು ಎಷ್ಟು ತಡೆದುಕೊಂಡರೂ ಗುಟುಕ್ಕನೆ ಎಂಜಲು ನುಂಗಿದ ಸದ್ದು ಅವಳಿಗೆ ಕೇಳಿಸಿತು. ನನ್ನನ್ನೊಮ್ಮೆ, ನನ್ನ ಕಣ್ಣು ನೆಟ್ಟಿದ್ದ ಕಡೆಯೊಮ್ಮೆ ನೋಡಿದಳು. ಹೆಂಟೆಯನ್ನು ಅರ್ಧ ಮುರಿದು ಕೊಟ್ಟಳು.

“ತಗೋರಿ ಅಣ್ಣ. ನಮ್ಮೂರ ಹುತ್ತದ್ದು, ಚಲೋ ಐತಿ.”

ಆ ಇಡೀ ವರ್ಷದಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ. ತಿಂದೆ. ಕಣ್ಣಲ್ಲಿ ನೀರು ಬಂತು.

ಡಾಕ್ಟರಮ್ಮ ಐವತ್ತು ದಾಟಿದವರು, ದಪ್ಪ ಕನ್ನಡಕ. ಗಂಡಸನ್ನು ಕಂಡು ಅವರೇನೂ ಬೆಚ್ಚಲಿಲ್ಲ. ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿದರು, ಉಗುರು ನೋಡಿದರು, ನಾಲಿಗೆ ನೋಡಿದರು. ಎಲ್ಲ ಬಿಟ್ಟು ಮಣ್ಣು ತಿನ್ನುತ್ತೀಯಾ ಅಂತ ಕೇಳಿದರು. ನನ್ನ ತುಟಿಯ ಮೇಲೆ ಹುತ್ತದ ಮಣ್ಣು ಇನ್ನೂ ಅಂಟಿಕೊಂಡಿತ್ತೆಂಬುದು ಆಮೇಲೆ ತಿಳಿಯಿತು. ಆಗಂತೂ ಇವರು ಭವಿಷ್ಯ ಹೇಳುವವರೇ ಇರಬೇಕೆಂದು ಕೈ ಮುಗಿದುಬಿಟ್ಟೆ. ಬೆರಳು ಚುಚ್ಚಿ ರಕ್ತ ತೆಗೆದು, ನಳಿಗೆಯಲ್ಲಿ ಹಾಕಿ, ಆರು ಅಂದರು. ನಮ್ಮ ಆಟದಲ್ಲಿ ಆರು ಬಂದರೆ ಸೆಟ್ ಗೆದ್ದಂತೆ. ಎದುರಿನವನಿಗೆ ಎಷ್ಟು ಎಂದು ಕೇಳಬೇಕೆನ್ನುವಷ್ಟರಲ್ಲಿ, ಇದು ಹದಿನಾಲ್ಕರ ಹತ್ತಿರ ಇರಬೇಕಾದದ್ದು ಅಂದರು.

ನನಗೆ ಮೊದಲ ಸಲ ಭಯವಾಯಿತು. ನಮ್ಮ ಸೋದರಮಾವ ಒಬ್ಬ ಹೀಗೇ ಬಿಳಿಚಿಕೊಂಡು, ರಕ್ತದ ಕ್ಯಾನ್ಸರು ಅಂತ ತಿಳಿಯುವ ಹೊತ್ತಿಗೆ ತೀರಿಕೊಂಡಿದ್ದ. ನಾನು ಉಳೀತೀನೇನ್ರಿ ಎಂದು ಕೇಳಿದೆ. ನಾಳೆ ಬೆಳಿಗ್ಗೆ ಸಂಡಾಸಿನ ಸ್ಯಾಂಪಲ್ ತಾ, ಆಮೇಲೆ ಹೇಳ್ತೀನಿ ಅಂದರು. ಸಾಯುವವನನ್ನು ಯಾರೂ ಅಂಥದ್ದನ್ನು ತಾ ಅಂತ ಕೇಳಲಾರರು ಎಂದು ದಾರಿಯುದ್ದಕ್ಕೂ ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಅದನ್ನು ಒಯ್ಯುವುದು ಯಾವುದರಲ್ಲಿ ಎಂಬುದೇ ಮರುದಿನದ ದೊಡ್ಡ ಚಿಂತೆಯಾಯಿತು. ಕಡ್ಡಿಪೆಟ್ಟಿಗೆಯಲ್ಲಿ ಒಯ್ಯುತ್ತಾರೆ ಅಂದಳು ಅವ್ವ. ಮರ್ಯಾದಸ್ಥ ಆಟಗಾರನಿಗೆ ಅದು ಸರಿ ಕಾಣಲಿಲ್ಲ. ಕ್ಲಬ್ಬಿನಲ್ಲಿ ಖಾಲಿ ಬಿದ್ದಿದ್ದ ಚೆಂಡಿನ ಡಬ್ಬಿ ತಂದೆ. ಬಿಗಿಯಾದ ಮುಚ್ಚಳ, ಹೊರಗೆ ಚಂದದ ಚಿತ್ರ. ಬೆಳಗಿನ ಮಸ್ಕಿ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತವರ ಸಾಮಾನನ್ನು ಕೂತವರು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಳ್ಳುವುದು ನಮ್ಮ ಕಡೆ ಧರ್ಮ. ಕಿಟಕಿಯ ಹತ್ತಿರ ಕೂತಿದ್ದ ರುಮಾಲಿನ ಯಜಮಾನರು ಕೈ ಚಾಚಿದರು. ಬೇಡ್ರಿ ಅಂದೆ. ಸಂಕೋಚ ಮಾಡಬೇಡ ಎಂದು ಕಿತ್ತುಕೊಂಡೇ ಬಿಟ್ಟರು. ಮಸ್ಕಿವರೆಗೂ ಮೊಮ್ಮಗನನ್ನು ಹಿಡಿದ ಹಾಗೆ ಎದೆಗೊತ್ತಿ ಹಿಡಿದರು. ನಡುವೆ ಒಂದು ಸಲ ಅಲ್ಲಾಡಿಸಿ ನೋಡಿ, ಚೆಂಡು ಬಹಳ ಮೆತ್ತಗಿವೆಯಲ್ಲ ಅಂದರು. ಹೊಸ ನಮೂನೆಯವು ಅಂದೆ.

ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಹೇಳಿದ್ದು ಇಷ್ಟು. ಕ್ಯಾನ್ಸರೂ ಅಲ್ಲ, ದೃಷ್ಟಿಯೂ ಅಲ್ಲ. ಕೊಕ್ಕೆಹುಳ. ಹೊಟ್ಟೆಯಲ್ಲಿ ಕೂತು ವರ್ಷಗಟ್ಟಲೆ ರಕ್ತ ಕುಡಿದಿವೆ. ಹೊಲಸು ಬಿದ್ದ ಹಸಿ ಮಣ್ಣಿನಿಂದ ಬರಿಗಾಲಿನ ಮೂಲಕ ಮೈಯೊಳಗೆ ಹೋಗುತ್ತವೆ. ನೀನೇನು ಗದ್ದೆ ಕೆಲಸ ಮಾಡುತ್ತೀಯಾ ಅಂತ ಕೇಳಿದರು. ಇಲ್ಲ, ಸ್ಟ್ಯಾಮಿನಾಕ್ಕೆಂದು ಓಡುತ್ತೇನೆ ಎಂದು ಬದುವಿನ ಕಥೆಯನ್ನೆಲ್ಲ ಹೇಳಿದೆ. ಎದ್ದು ನಿಲ್ಲುವ ಹೆಂಗಸರ ಭಾಗ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ನಕ್ಕರು. ಕ್ವಾರ್ಟರ್ಸಿನಲ್ಲಿ ಪಾಯಖಾನೆ ಇಲ್ಲವೇ ಅಂದರು. ಇದೆ, ಆದರೆ ಅದರಲ್ಲಿ ಕುಳ್ಳು ಕಟ್ಟಿಗೆ ತುಂಬಿದ್ದೇವೆ ಅಂದೆ. ಅದು ನಿಜ. ಆ ಸಾಲಿನ ಹನ್ನೆರಡು ಮನೆಯವರೂ ಹಾಗೇ ಮಾಡಿ, ಮೊದಲಿನಿಂದಲೂ ಬರಿಗಾಲಲ್ಲಿ ಅದೇ ಬದುವಿಗೆ ಹೋಗುತ್ತಿದ್ದೆವು. ಅನ್ನ ಬೇಯುವ ಮನೆಯೊಳಗೆ ಯಾರಾದರೂ ಅಂಥ ಕೆಲಸ ಮಾಡುತ್ತಾರೆಯೇ? ಡಾಕ್ಟರಮ್ಮ ಈ ಸಲ ನಗಲಿಲ್ಲ.

“ಮನ್ಯಾಗ ಯಾರ್‍ಯಾರ ಅದೀರಿ, ಎಲ್ಲಾರ್ನೂ ಕರಕೊಂಡ ಬಾ” ಅಂದರು.

ಸಾಯುವುದಿಲ್ಲ ಎಂದು ಗೊತ್ತಾದ ಮನುಷ್ಯನ ಖುಷಿ ಬೇರೆ. ಗುಳಿಗೆ ಕಿಸೆಯಲ್ಲಿಟ್ಟುಕೊಂಡು ಮಸ್ಕಿಯಲ್ಲೇ ಎರಡು ತಟ್ಟೆ ಮಿರ್ಚಿ ಭಜಿ ತಿಂದೆ, ಈರುಳ್ಳಿ ಕೇಳಿ ಹಾಕಿಸಿಕೊಂಡು. ಆ ವಾರ ಮೂವರನ್ನೂ ಕರೆದುಕೊಂಡು ಹೋದೆ. ಅವ್ವನಿಗೂ ಮಗಳಿಗೂ ಅಂಥದ್ದೇನಿರಲಿಲ್ಲ. ಹುಲಿಗೆಮ್ಮನ ಬೆರಳು ಚುಚ್ಚಿದರು. ರಕ್ತ ನೋಡಿ ಡಾಕ್ಟರಮ್ಮ ನಳಿಗೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. ಇನ್ನೊಂದು ಬೆರಳು ಚುಚ್ಚಿದರು. ನನ್ನ ಕಡೆ ತಿರುಗಿದರು.

“ನಾಲ್ಕೂವರಿ ಐತಿ. ನಿನಗಿಂತ ಕಡಿಮಿ. ನೀ ಆರಕ್ಕ ಆಟದಾಗ ಕುಂತಿ. ಇಕಿ ನಾಲ್ಕೂವರಿ ಇಟಗೊಂಡು ದಿನಾ ಗದ್ಯಾಗ ಬಗ್ಗಿ ನಾಟಿ ಹಚ್ಯಾಳ.”

ನಾನು ಗೋಡೆಯ ಮೇಲಿನ ಕೂಸಿನ ಚಿತ್ರ ನೋಡಿದೆ. ಆಮೇಲೆ ಹುಲಿಗೆಮ್ಮನನ್ನು, ನಿನಗೆ ಸುಸ್ತು ಅನ್ನಿಸುತ್ತಿರಲಿಲ್ಲವೇ ಅಂತ ಕೇಳಿದೆ. ಅವಳು ಬೆರಳಿಗೆ ಅಂಟಿಸಿದ ಹತ್ತಿಯನ್ನು ನೋಡುತ್ತಾ ಹೇಳಿದಳು.

“ಅನಸ್ತಿತ್ರಿ. ಎಲ್ಲಾರಿಗೂ ಹಿಂಗ ಇರ್ತದ ಅನಕೊಂಡಿದ್ದೆ.”

ನಾನು ಸುಸ್ತಾಗಿದ್ದೇನೆಂದು ಇಡೀ ಕ್ಯಾಂಪಿಗೆ ಗೊತ್ತಿತ್ತು. ಎಂಜಿನಿಯರ್ ಸಾಹೇಬರಿಗೆ, ಅಡಿಗೆಯವನಿಗೆ, ಬಂಗಾಳಿ ದಾದಾನಿಗೆ, ಲಿಂಗಸೂಗೂರಿನ ಖಾಜಾಸಾಬನಿಗೆ ಗೊತ್ತಿತ್ತು. ಒಂದೇ ಸೂರಿನಡಿ ಇವಳು ನನ್ನ ಎರಡರಷ್ಟು ಸುಸ್ತಾಗಿ, ಸಂಜೆ ನನ್ನ ಕಾಲು ಒತ್ತುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಿಂದ ನನಗೆ ಅಳು ಬಂತು, ಕಿಟಕಿಯ ಧೂಳಿನ ಮೇಲೆ ಹಾಕಿದೆ.

ಹುಲಿಗೆಮ್ಮನಿಗೆ ರಾಯಚೂರಿಗೆ ಹೋಗಿ ರಕ್ತ ಹಾಕಿಸಬೇಕೆಂದು ಮೊದಲು ಹೇಳಿದ ಡಾಕ್ಟರಮ್ಮ, ಆಮೇಲೆ ತಮ್ಮ ಕಣ್ಣಳತೆಯಲ್ಲೇ ಇಟ್ಟುಕೊಂಡು ವಾರಕ್ಕೆರಡು ಸೂಜಿ ಹಾಕುತ್ತೇನೆ ಅಂದರು. ಹುಳದ ಗುಳಿಗೆ ಅವಳಿಗೂ, ಕಬ್ಬಿಣದ ಗುಳಿಗೆ ನನಗೆ. ಪಾಯಖಾನೆಯಿಂದ ಕುಳ್ಳು ಕಟ್ಟಿಗೆ ಹೊರಗೆ ಬಂತು. ಅದಕ್ಕೆ ಅವ್ವ ಮೂರು ದಿನ ಮುನಿಸಿಕೊಂಡು, ನಾಲ್ಕನೇ ದಿನ ಮಳೆ ಬಂದಾಗ ಸದ್ದಿಲ್ಲದೆ ರಾಜಿಯಾದಳು. ಸಾಹೇಬರಿಗೆ ಡಾಕ್ಟರಮ್ಮನ ಚೀಟಿ ತೋರಿಸಿದೆ. ಅವರು ಎರಡು ಸಲ ಓದಿ, ಕುರ್ಚಿಯನ್ನು ನನ್ನಿಂದ ಒಂದಡಿ ಹಿಂದೆ ಸರಿಸಿಕೊಂಡು, ಇನ್ನೊಂದು ವರ್ಷ ಕೊಟ್ಟೆ ಅಂದರು.

ನನಗೆ ಶಕ್ತಿ ಬಂದದ್ದು ನಿಧಾನಕ್ಕೆ. ಒಂದು ದಿನ ಕ್ಲಬ್ಬಿನ ಮೆಟ್ಟಿಲು ಹತ್ತಿದ ಮೇಲೆ ನಿಲ್ಲಲಿಲ್ಲ ಎಂಬುದು ಒಳಗೆ ಹೋದ ನಂತರ ನೆನಪಾಯಿತು, ಅಷ್ಟೆ. ಅಂಕಣದ ಕುಳಿ ಮುಚ್ಚಿದೆ. ಹೆಗ್ಗಣ ಓಡಿಸಿದ್ದಕ್ಕೆ ಸಾಹೇಬರು ಮೆಚ್ಚಿದರು. ಹುಲಿಗೆಮ್ಮನಿಗೆ ಬಂದದ್ದು ಮಾತ್ರ ಹಾಗಲ್ಲ. ಎರಡನೇ ತಿಂಗಳಲ್ಲಿ ಅವಳು ನೀರಿನ ನಲ್ಲಿಯ ಹತ್ತಿರ ಪಕ್ಕದ ಮನೆಯವಳ ಜೊತೆ ಜಗಳ ಮಾಡಿ ಗೆದ್ದಳು. ಮೂರನೇ ತಿಂಗಳಲ್ಲಿ ಅವ್ವನ ಸಾರಿಗೆ ಉಪ್ಪು ಜಾಸ್ತಿ ಅಂದಳು. ಅವ್ವ ಅದಕ್ಕೆ ಹುಳಿ ಹಿಂಡಿದಳು. ಕೂಲಿ ಮೇಸ್ತ್ರಿಯ ಹತ್ತಿರ ಮಧ್ಯಾಹ್ನ ಕೂರಲು ಹೊತ್ತು ಬೇಕೆಂದು ಕೇಳಿ ಪಡೆದುಕೊಂಡಳು. ನನಗಂತೂ ಬೆಳಿಗ್ಗೆ ಎದ್ದರೆ ಬೈಗುಳ. ನಾನು ಮಸ್ಕಿಗೆ ಹೋದಾಗ ಡಾಕ್ಟರಮ್ಮನಿಗೆ ಗುಟ್ಟಾಗಿ ಹೇಳಿದೆ.

“ಸೂಜಿ ಹಾಕಿದ ಮ್ಯಾಲ ಇಕಿ ಬಾಳ ಮಾತಾಡಾಕತ್ಯಾಳ್ರಿ. ಸ್ವಲ್ಪ ಕಡಿಮಿ ಮಾಡಾಕ ಬರ್ತದೇನ್ರಿ?”

“ಅದು ಸೂಜೀದಲ್ಲಪ” ಅಂದರು ಅವರು. “ಅದು ಅಕೀದ.”

ಹತ್ತು ವರ್ಷ ನಾನು ಶಾಂತ ಸ್ವಭಾವದ ಹೆಂಗಸಿನ ಜೊತೆ ಸಂಸಾರ ಮಾಡಿದ್ದೇನೆ ಅಂದುಕೊಂಡಿದ್ದೆ. ಅವಳು ಶಾಂತಳಾಗಿರಲಿಲ್ಲ. ದಣಿದಿದ್ದಳು. ಓಣಿಯೆಲ್ಲ ಹೊಗಳಿದ್ದು ಅವಳ ಗುಣವನ್ನಲ್ಲ, ಕಾಯಿಲೆಯನ್ನು.

ಮುಂದಿನ ವರ್ಷದ ಪಂದ್ಯಕ್ಕೆ ಅವಳೂ ಲಿಂಗಸೂಗೂರಿಗೆ ಬರುತ್ತೇನೆಂದು ಹಟ ಹಿಡಿದಳು. ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂದು ಅವಳು ಅದುವರೆಗೆ ನೋಡಿರಲಿಲ್ಲ. ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ಕೂತು ಮೂರೂ ಸೆಟ್ ನೋಡಿದಳು. ನನ್ನ ಕಾಲು ಕೊನೆಯವರೆಗೆ ನಿಂತವು. ಐದೈದು ಸಮ ಆಗುವವರೆಗೂ ಬಂದು, ಆ ಮೇಲಿನ ಎರಡು ಆಟ ಸೋತೆ. ಈ ಸಲ ಸೋತದ್ದು ಹುಳದಿಂದಲ್ಲ, ಖಾಜಾಸಾಬ ನನಗಿಂತ ಚೆನ್ನಾಗಿ ಆಡುತ್ತಾನೆ ಎಂಬ ಒಂದೇ ಕಾರಣಕ್ಕೆ. ಅವನು ಬಲೆಯ ಮೇಲಿಂದ ಬಂದು ತಬ್ಬಿಕೊಂಡ. ನಮ್ಮ ಸಾಹೇಬರು ಎದ್ದು ಹೋಗಲಿಲ್ಲ, ಚಪ್ಪಾಳೆ ತಟ್ಟಿದರು, ನಾಳೆ ಅಂಕಣಕ್ಕೆ ಬೇಗ ನೀರು ಹೊಡಿ ಅಂದರು. ಕೆಲಸ ಉಳಿಯಿತೆಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಹುಲಿಗೆಮ್ಮ ತನ್ನ ಅಭಿಪ್ರಾಯ ಹೇಳಿದಳು. ಆ ಸಾಬರು ಒಂದೇ ಕಡೆ ನಿಂತಿದ್ದರು, ನೀವೇ ಯಾಕೆ ಹಾಗೆ ಓಡಾಡಿದಿರಿ ಅಂದಳು. ಹತ್ತು ವರ್ಷದ ನನ್ನ ಆಟಕ್ಕೆ ಅದಕ್ಕಿಂತ ಸರಿಯಾದ ವಿಮರ್ಶೆ ಯಾರೂ ಮಾಡಿಲ್ಲ. ನಾವು ಬಸ್‌ಸ್ಟ್ಯಾಂಡ್ ಮುಟ್ಟುವಾಗಲೇ ಸಿಂಧನೂರಿನ ಬಸ್ಸು ಹೊರಟು ಗೇಟಿನ ಕಡೆ ತಿರುಗಿತು. ನನ್ನ ಕಾಲಲ್ಲಿ ಮೂರು ಸೆಟ್ಟಿನ ನೋವಿತ್ತು. ಹೋಗಲಿ, ಮುಂದಿನದಕ್ಕೆ ಹೋಗೋಣ ಅನ್ನುವಷ್ಟರಲ್ಲಿ ಅವಳು ಪಕ್ಕದಲ್ಲಿರಲಿಲ್ಲ. ಮದುವೆಯಾದಾಗಿನಿಂದ ನನ್ನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದವಳು ಅವಳು. ಗಂಡನ ಮೇಲಿನ ಮರ್ಯಾದೆ ಎಂದುಕೊಂಡು ನಾನು ಎಂದೂ ನಿಂತು ಕಾದವನಲ್ಲ. ಈಗ ಸೀರೆಯ ನಿರಿಗೆ ಎತ್ತಿ ಹಿಡಿದು, ಧೂಳೆಬ್ಬಿಸುತ್ತಾ ಓಡಿದಳು. ಬಸ್ಸಿನ ಪಕ್ಕಕ್ಕೆ ಬಡಿದು ನಿಲ್ಲಿಸಿ, ಮೆಟ್ಟಿಲಿಗೆ ಹಾರಿ ಒಳಗೆ ಹೋದಳು. ನಾನು ಏದುಸಿರು ಬಿಡುತ್ತಾ ಹಿಂದೆ ಬರುವಷ್ಟರಲ್ಲಿ ಅವಳ ಮುಖ ಕಿಟಕಿಯಲ್ಲಿ ಕಾಣಿಸಿತು. ಬೆವರಿತ್ತು, ಕೆಂಪಗಾಗಿತ್ತು.

“ಸಾವಕಾಶ ಬರ್ರಿ” ಅಂದಳು. “ಸೀಟ್ ಹಿಡದೀನಿ.”